ಥೂ ಮಾವನ ಮೂಗು

ಮಾವ ಕ್ಯಾಮೆರಾವನ್ನು ಮೊದಲು ಕಣ್ಣಿಗೆ ಇಟ್ಟುಕೊಳ್ಳುವವರಲ್ಲ, ಮೂಗಿಗೆ ಇಟ್ಟುಕೊಳ್ಳುವವರು. ಪೆಟ್ಟಿಗೆ ಒಡೆದು, ಅರ್ಥವಾಗದ ಲಿಪಿಯ ಹಳೇ ಪತ್ರಿಕೆಯ ಸುತ್ತು ಹರಿದು, ಚರ್ಮದ ಕವಚದ ಗುಂಡಿ ಬಿಚ್ಚಿ, ಒಳಗಿನದನ್ನು ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದ ಹಾಗೆ ಎರಡೇ ಬೆರಳಲ್ಲಿ ಎತ್ತಿ ಮೂಗಿನ ಹತ್ತಿರ ತರುತ್ತಿದ್ದರು. ಒಂದು ಸಲ ಉಸಿರು ಎಳೆದುಕೊಳ್ಳುತ್ತಿದ್ದರು. ಆಮೇಲೆ ಬೀದಿಯ ಆ ತುದಿಗೂ ಕೇಳುವ ಹಾಗೆ "ಥೂ" ಅನ್ನುತ್ತಿದ್ದರು.

ಆ ಥೂಗಳಲ್ಲೂ ಬಗೆಬಗೆ ಇದ್ದವು. ಗಿಡ್ಡ ಥೂ ಎಂದರೆ ಲೆನ್ಸಿಗೆ ಬೂಷ್ಟು ಹಿಡಿದಿದೆ. ಎಳೆದ ಥೂ ಎಂದರೆ ಹಿಂದಿನ ಯಜಮಾನ ಸಿಗರೇಟು ಸೇದುತ್ತಿದ್ದ. ಉಸಿರು ಬಿಡದೆ ಥೂಥೂಥೂ ಎಂದು ಬಂತೆಂದರೆ ಒಳಗೆ ಜಿರಳೆ ಸಂಸಾರ ಹೂಡಿತ್ತು ಎಂದೇ ತಿಳಿಯಬೇಕು. ಬೀದಿಯ ಮಕ್ಕಳು ಅವರಿಗೆ ಥೂ ಮಾವ ಎಂದು ಹೆಸರಿಟ್ಟಿದ್ದು ಹೀಗೆ. ಮಕ್ಕಳಿಗೆ ಮಾವನಾದ ಮೇಲೆ ಇಡೀ ಬೀದಿಗೇ ಮಾವ. ಅವರ ಹೆಂಡತಿಯೂ ಹೇಳದೆ ಕೇಳದೆ ಎಲ್ಲರಿಗೂ ಅತ್ತೆಯಾದರು. ಹಕ್ಕಿನಿಂದ ಮಾವ ಎಂದು ಕರೆಯುತ್ತಿದ್ದವನು ಸ್ವಂತ ಅಳಿಯನೊಬ್ಬನೇ, ಉಳಿದವರದ್ದೆಲ್ಲ ಪುಕ್ಕಟೆ ನಂಟು.

ಅವರ ಕಸುಬು ಸೋವಿಯತ್ ಕಾಲದ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾಗಳದ್ದು. ರೀಲು ಹಾಕುವಂಥವು. ಕಿಟಕಿಗೆ ಕಣ್ಣಿಟ್ಟರೆ ಎದುರಿನ ವಸ್ತು ಎರಡಾಗಿ ಕಾಣುತ್ತದೆ. ಲೆನ್ಸ್ ತಿರುಗಿಸಿ ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ದೂರ ಸರಿಹೊಂದಿತು ಎಂದರ್ಥ. ಎಲ್ಲರ ಜೇಬಿನಲ್ಲೂ ಫೋನಿರುವ ಕಾಲದಲ್ಲಿ ಇದನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಬೇಡಿ. ಕೊಳ್ಳುತ್ತಾರೆ. ಎಲ್ಲೆಲ್ಲಿಂದಲೋ ಪೆಟ್ಟಿಗೆಗಟ್ಟಲೆ ಬರುತ್ತಿದ್ದವು, ಮಾವ ಪರೀಕ್ಷೆ ಮಾಡಿ, ರಿಪೇರಿ ಮಾಡಿ ಮಾರುತ್ತಿದ್ದರು.

ಹಾಗೆ ಬಂದವನ್ನು ನೋಡಿದರೆ ಮನುಷ್ಯಜಾತಿಯ ಮೇಲೇ ಹೇಸಿಗೆ ಹುಟ್ಟಬೇಕು. ಕಣ್ಣಿಡುವ ಕಿಟಕಿಯ ಸುತ್ತ ಯಾರದೋ ಹುಬ್ಬಿನ ಜಿಡ್ಡು ಗಟ್ಟಿಯಾಗಿ ಕೂತಿರುತ್ತಿತ್ತು. ಕೀಲಿ ಕೊಡುವ ಗುಂಡಿಯ ಸಂದಿಯಲ್ಲಿ ಉಗುರಿನ ಕೊಳೆ. ಹೊರಚರ್ಮ ಸುಲಿದರೆ ಅಡಿಯಲ್ಲಿ ಹಿತ್ತಾಳೆಯ ಕಿಲುಬು ಕೀವುಗಟ್ಟಿದ ಹುಣ್ಣಿನಂತೆ ಹಸಿರಾಗಿ ಉಬ್ಬಿರುತ್ತಿತ್ತು. ಒಳಗೆ ಕೂದಲು, ತಲೆಹೊಟ್ಟು, ಜಿರಳೆಯ ಮೊಟ್ಟೆ. ಒಮ್ಮೆ ಒಂದು ಕವಚದ ಮೂಲೆಯಲ್ಲಿ ಯಾವುದೋ ಮಗುವಿನ ಹಾಲುಹಲ್ಲು ಸಿಕ್ಕಿತ್ತು. ಅದನ್ನು ಚಿಮಟದಲ್ಲಿ ಹಿಡಿದು ಹೊರಗೆ ಎಸೆದು ಬಂದ ಮಾವ ಆ ಮಧ್ಯಾಹ್ನ ಊಟ ಮಾಡಲಿಲ್ಲ. ರಬ್ಬರ್ ಕೈಗವಸು ತೊಡದೆ ಅವರು ಯಾವ ಕ್ಯಾಮೆರಾವನ್ನೂ ಮುಟ್ಟುತ್ತಿರಲಿಲ್ಲ.

ಕೊಳೆಗಿಂತ ಅಸಹ್ಯವಾಗಿದ್ದದ್ದು ಹಿಂದಿನ ರಿಪೇರಿಯವರ ಕೈವಾಡ. ಕ್ಷಣಮಾತ್ರ ತೆರೆದು ಬೆಳಕನ್ನು ಒಳಬಿಡುವ ಶಟರಿನ ಬಟ್ಟೆ ಪರದೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಹೆಂಡತಿಯ ಉಗುರು ಬಣ್ಣ ಬಳಿದವರಿದ್ದರು. ಸ್ಕ್ರೂಗಳ ತಲೆಯನ್ನು ಇಕ್ಕಳದಲ್ಲಿ ಜಗಿದವರಿದ್ದರು. ಅವರನ್ನೆಲ್ಲ ಮಾವ ಹೇಗೋ ಕ್ಷಮಿಸಿಯಾರು, ಎಣ್ಣೆ ಸುರಿದವನನ್ನು ಮಾತ್ರ ಎಂದೂ ಇಲ್ಲ. ಹಳೆಯ ಗ್ರೀಸು ಗೋಂದಾಗಿ ಶಟರ್ ಕಚ್ಚಿಕೊಂಡಾಗ ಅದನ್ನು ಬಿಚ್ಚಿ, ಡ್ರೈಕ್ಲೀನಿಂಗಿನವರು ಬಳಸುವ ಬಿಳಿ ಪೆಟ್ರೋಲಿನಲ್ಲಿ ತೊಳೆಯಬೇಕು. ಆ ಪೆಟ್ರೋಲು ಕೊಳೆಯನ್ನು ಕರಗಿಸಿ ತಾನು ಗಾಳಿಗೆ ಹಾರಿಹೋಗುತ್ತದೆ, ಹಿಂದೆ ಏನನ್ನೂ ಉಳಿಸುವುದಿಲ್ಲ. ಆಮೇಲೆ ಬೇಕಾದ ಕಡೆ ಮಾತ್ರ ಸೂಜಿಮೊನೆಯಲ್ಲಿ ಎಣ್ಣೆ ಮುಟ್ಟಿಸಬೇಕು. ಸೋಮಾರಿ ಇದನ್ನೆಲ್ಲ ಬಿಟ್ಟು ಸಂದಿಯಿಂದ ನಾಲ್ಕು ಹನಿ ಎಣ್ಣೆ ಬಿಡುತ್ತಾನೆ. ಶಟರ್ ಬೆಣ್ಣೆಯ ಹಾಗೆ ಓಡುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾನೆ. ಕೆಲವೇ ವಾರಕ್ಕೆ ಎಣ್ಣೆ ಧೂಳು ಕುಡಿದು ಕೆಸರಾಗಿ ಪರದೆ ಮುಗ್ಗರಿಸುತ್ತದೆ.

ಮಾವನ ಪರೀಕ್ಷೆಗೆ ಒಂದು ಕ್ರಮವಿತ್ತು. ಮೂಗು ಮುಗಿದ ಮೇಲೆ ರೀಲು ಸುತ್ತುವ ಗುಂಡಿಯನ್ನು ಮೆಲ್ಲಗೆ ತಿರುಗಿಸಿ, ಒಳಗೆ ಯಾರದೋ ಹಳೇ ರೀಲು ಉಳಿದಿದೆಯೇ ಎಂದು ನೋಡುವರು. ಆಮೇಲೆ ಶಟರಿಗೆ ಕೀಲಿ, ಆಮೇಲೆ ಅದರ ವೇಗ. ಈ ಕ್ಯಾಮೆರಾಗಳಲ್ಲಿ ಕೀಲಿ ಕೊಡದೆ ವೇಗದ ಚಕ್ರ ತಿರುಗಿಸಿದರೆ ಒಳಗಿನ ಕಡ್ಡಿ ಮುರಿಯುತ್ತದೆ. ಹಾಗೆ ಮಾಡಬೇಡಿ ಎಂದು ಬರೆದ ಬಿಲ್ಲೆಯನ್ನು ಪ್ರತಿ ಕ್ಯಾಮೆರಾದ ಕೊರಳಿಗೂ ಕಟ್ಟಿ ಕೊಡುತ್ತಿದ್ದರು. ಮೂಲೆಯಲ್ಲಿ ಹಳೇ ಡಬ್ಬಾ ಟಿವಿಯೊಂದು ಸದಾ ಚುಕ್ಕಿಮಳೆ ಸುರಿಸುತ್ತ ಕೂತಿರುತ್ತಿತ್ತು. ಕ್ಯಾಮೆರಾದ ಬೆನ್ನು ತೆರೆದು, ಆ ಪರದೆಗೆ ಹಿಡಿದು ಕ್ಲಿಕ್ ಮಾಡಿದರೆ ಓರೆಯಾಗಿ ಒಂದು ಬೆಳಕಿನ ಪಟ್ಟಿ ಕಾಣುತ್ತದೆ. ಪಟ್ಟಿ ಉದ್ದಕ್ಕೂ ಒಂದೇ ಅಗಲವಿದ್ದರೆ ಶಟರ್ ಆರೋಗ್ಯವಾಗಿದೆ, ನಡುವೆ ಸೊರಗಿ ಮಾಯವಾದರೆ ರೋಗ. ಕೊನೆಯದಾಗಿ ಬಾಗಿಲಲ್ಲಿ ನಿಂತು, ಬೀದಿಯ ಕೊನೆಯ ದೀಪದ ಕಂಬದ ಎರಡು ಚಿತ್ರವನ್ನು ಒಂದು ಮಾಡಿ ನೋಡುತ್ತಿದ್ದರು.

ಈ ಕೊನೆಯ ಎರಡು ಕೆಲಸ ಈಚೆಗೆ ಅಳಿಯನ ಪಾಲಿಗೆ ಬಂದಿದ್ದವು. ಅವನು ಮೊದಲು ಗಡಿಯಾರ ರಿಪೇರಿಯವನು, ಸ್ಥಿರವಾದ ಕೈ, ಮಾತು ಕಡಿಮೆ. ಮದುವೆಯಾದ ಮೇಲೆ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಸಂಸಾರ ಹೂಡಿ, ಕೆಳಗೆ ಅಂಗಡಿಯಲ್ಲಿ ಮಾವನ ಜೊತೆ ಕೂತ. ಮಾವ ಶಟರ್ ತೊಳೆದು ಕೊಟ್ಟರೆ ಅವನು ಜೋಡಿಸಿ, ಪರೀಕ್ಷೆ ಮಾಡಿ, ಮುಚ್ಚುತ್ತಿದ್ದ. ಬಂದ ಹೊಸದರಲ್ಲಿ ಒಂದೇ ಒಂದು ಜಗಳವಾಗಿತ್ತು. ಮಾವನ ಕಪಾಟಿನಲ್ಲಿ ಬಿಳಿ ಪೆಟ್ರೋಲು, ತುಕ್ಕು ಹಿಡಿದ ಸ್ಕ್ರೂ ನೆನೆಹಾಕುವ ಸೀಮೆಎಣ್ಣೆ ಎರಡೂ ಒಂದೇ ಥರದ ಕಂದು ಔಷಧದ ಬಾಟಲಿಯಲ್ಲಿದ್ದವು, ಮೇಲೆ ಹೆಸರಿಲ್ಲ. ಅಳಿಯ ಒಳ್ಳೆಯ ಮನಸ್ಸಿನಿಂದ ಎರಡಕ್ಕೂ ಚೀಟಿ ಅಂಟಿಸಿದ. ಮಾವ ಅವನ್ನು ಉಗುರಿನಲ್ಲಿ ಕೆರೆದು ಕಿತ್ತು ಹಾಕಿದರು. ಮೂಗಿದ್ದವನಿಗೆ ಚೀಟಿ ಯಾಕೆ, ನನ್ನ ಕಪಾಟಿಗೆ ಕೈ ಹಾಕಬೇಡ ಎಂದರು. ಅಳಿಯ ಅಂದಿನಿಂದ ತನ್ನ ಮೇಜಿಗೆ ತನ್ನದೇ ಬಾಟಲಿ ಇಟ್ಟುಕೊಂಡು, ಅದಕ್ಕೆ ತನ್ನದೇ ಚೀಟಿ ಅಂಟಿಸಿಕೊಂಡು ಸುಮ್ಮನಾದ.

ಆಮೇಲೆ ಮಾವನಿಗೆ ಜ್ವರ ಬಂತು. ಬಹಳ ದಿನ ಹಾಸಿಗೆ ಹಿಡಿಸಿತು. ಅವರು ಮಲಗಿದ್ದಷ್ಟು ದಿನ ಇದೇ ಸಮಯ ಎಂದು ಅತ್ತೆ ಅಂಗಡಿಯನ್ನು ಗುಡಿಸಿ, ಒರೆಸಿ, ಕಪಾಟುಗಳನ್ನೆಲ್ಲ ಕನ್ನಡಿ ಮಾಡಿಟ್ಟರು. ಜ್ವರ ಬಿಟ್ಟಿತು, ಬಿಡುವಾಗ ಮಾವನ ಮೂಗನ್ನೂ ಕರೆದುಕೊಂಡು ಹೋಯಿತು.

ಅದು ಗೊತ್ತಾದದ್ದು ಮೊದಲ ಕ್ಯಾಮೆರಾ ಎತ್ತಿದಾಗ. ಉಸಿರು ಎಳೆದುಕೊಂಡರು. ಏನೂ ಬರಲಿಲ್ಲ. ಇನ್ನೊಮ್ಮೆ ಎಳೆದುಕೊಂಡರು. ತಣ್ಣನೆಯ ಗಾಳಿ, ಅಷ್ಟೆ. ಪಕ್ಕದ ಮೇಜಿನಿಂದ ಅಳಿಯ ಕತ್ತೆತ್ತಿ ನೋಡುತ್ತಿದ್ದ, ಬಾಗಿಲಲ್ಲಿ ಶಾಲೆಗೆ ಹೊರಟ ಎರಡು ಮಕ್ಕಳು ಕಾಯುತ್ತಿದ್ದವು. ಮಾವ ಕಣ್ಣಿಗೆ ಕಂಡ ಕಿಲುಬನ್ನೇ ನೆಚ್ಚಿಕೊಂಡು ಒಂದು ಗಿಡ್ಡ ಥೂ ಅಂದರು. ಮಕ್ಕಳು ನಗುತ್ತ ಓಡಿದವು.

ನೆಗಡಿ ಇರಬೇಕು, ಬಿಟ್ಟರೆ ಸರಿಹೋಗುತ್ತದೆ ಎಂದುಕೊಂಡರು. ಅದು ಸರಿಹೋಗಲಿಲ್ಲ, ಅವರು ಯಾರಿಗೂ ಹೇಳಲೂ ಇಲ್ಲ. ಮೂಗು ಹೋಯಿತು ಎಂದರೆ ಥೂ ಮಾವನಲ್ಲಿ ಉಳಿಯುವುದು ಬರೀ ಮಾವ, ಅಂಥವರು ಬೀದಿಗೆ ಹತ್ತು ಜನ ಇದ್ದಾರೆ. ಊಟ ಒದ್ದೆ ರಟ್ಟು ಜಗಿದ ಹಾಗಾಗಿತ್ತು. ಅದಕ್ಕೆ ಅತ್ತೆಯನ್ನು ಬೈದರು: ಅಡುಗೆಗೆ ಏನೂ ಹಾಕುವುದಿಲ್ಲ, ಕೈ ಬಿಗಿ ಮಾಡಿದ್ದೀಯ ಎಂದು. ಅತ್ತೆ ಉಪ್ಪು ಖಾರ ಏರಿಸುತ್ತ ಹೋದರು, ಊಟಕ್ಕೆ ಕೆಳಗೆ ಬರುತ್ತಿದ್ದ ಅಳಿಯನೂ ಮಗಳೂ ಕಣ್ಣಲ್ಲಿ ನೀರು ತುಂಬಿಕೊಂಡು ಉಂಡರು, ಮಾವ ಮಾತ್ರ ಸಪ್ಪೆ ಎಂದು ತಟ್ಟೆ ತಳ್ಳಿದರು. ಒಮ್ಮೆ ಅಂಗಡಿಗೆ ಬಂದ ಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು, ಇದೇನು ಹೀಗೆ ನಾರುತ್ತಿದೆ ಎಂದಳು. ಹಳೇ ಕ್ಯಾಮೆರಾ ಮತ್ತೇನು ಗಮಗಮ ಅನ್ನುತ್ತದೆಯೇ ಎಂದು ಮಾವ ಅವಳ ಬಾಯಿ ಮುಚ್ಚಿಸಿದರು.

ತೊಳೆದ ಶಟರ್ ಯಾಕೋ ಬೇಗ ಆರುತ್ತಿರಲಿಲ್ಲ. ಹವೆಯಲ್ಲಿ ತೇವ ಜಾಸ್ತಿ ಎಂದು ಫ್ಯಾನಿನ ಕೆಳಗಿಟ್ಟರು. ಕೈಗವಸಿನ ರಬ್ಬರಿನೊಳಗಿದ್ದ ಬೆರಳಿಗೆ ಬೇರೇನೂ ತಿಳಿಯಲಿಲ್ಲ.

ಮೊದಲ ಕ್ಯಾಮೆರಾ ವಾಪಸ್ ಬಂದಾಗ ಮಾವ ಗಿರಾಕಿಯನ್ನೇ ಗದರಿದರು. ಎರಡನೆಯದು ಬಂತು, ಆಮೇಲೆ ಮೇಲಿಂದ ಮೇಲೆ ಬರತೊಡಗಿದವು. ಎಲ್ಲಕ್ಕೂ ಒಂದೇ ರೋಗ: ವೇಗ ಹೆಚ್ಚಿಸಿದರೆ ಪರದೆ ಮುಗ್ಗರಿಸಿ ಅರ್ಧ ಫೋಟೋ ಕಪ್ಪು. ಮಾವ ಬಿಚ್ಚಿ ನೋಡಿದರು. ಚಕ್ರಗಳ ಮೇಲೆ, ಪರದೆಯ ಅಂಚಿನಲ್ಲಿ, ಎಲ್ಲ ಕಡೆ ಜಿಡ್ಡು ಮಿನುಗುತ್ತಿತ್ತು. ಯಾರೋ ಎಣ್ಣೆ ಸುರಿದಿದ್ದಾರೆ. ತಾನು ಸುರಿದಿಲ್ಲ, ಅದು ಸೂರ್ಯನಷ್ಟು ಸತ್ಯ. ತನ್ನ ಕೈ ಬಿಟ್ಟ ಮೇಲೆ ಅದು ಹೋಗುವುದು ಒಂದೇ ಕೈಗೆ.

ಜ್ವರ ಬಿಟ್ಟು ಮಾವ ಅಂಗಡಿಗೆ ಮರಳಿದಾಗಿನಿಂದ ಅಳಿಯನೂ ಬದಲಾಗಿದ್ದ. ಕುರ್ಚಿ ತಿರುಗಿಸಿ ಮಾವನಿಗೆ ಬೆನ್ನು ಹಾಕಿ ಕೂರುತ್ತಿದ್ದ. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೆ. ಒಂದು ಮಧ್ಯಾಹ್ನ ಊಟದ ನಂತರ ಮಲಗಿದ ಮಾವನಿಗೆ ನಿದ್ದೆ ಹತ್ತಲಿಲ್ಲ. ಎದ್ದು ಬಂದು ನಡುಬಾಗಿಲ ಸಂದಿಯಿಂದ ನೋಡಿದರೆ, ಬೆಳಿಗ್ಗೆ ತಾವೇ ತೊಳೆದು ಕೊಟ್ಟ ಕ್ಯಾಮೆರಾವನ್ನು ಅಳಿಯ ಮತ್ತೆ ಬಿಚ್ಚಿ ಕೂತಿದ್ದಾನೆ, ಕೈಯಲ್ಲಿ ಕುಂಚ, ಪಕ್ಕದಲ್ಲಿ ಬಟ್ಟಲು. ಮಾವನಿಗೆ ಒಳಗೆ ನುಗ್ಗಿ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು, ಅದಕ್ಕಿಂತ ಜಾಸ್ತಿ ವಾಕರಿಕೆ ಬಂತು. ಎಂಜಲು ತಟ್ಟೆ ನೆಕ್ಕುವವನನ್ನು ಕಂಡವರಂತೆ ಮುಖ ತಿರುಗಿಸಿ ವಾಪಸ್ ಹೋಗಿ ಮಲಗಿದರು.

ಅಂದು ಅತ್ತೆಗೆ ಹೇಳಿದರು. ಅತ್ತೆ ನಂಬಲಿಲ್ಲ. ಅಂಥ ಹುಡುಗನಲ್ಲ, ನಿಮಗೆಲ್ಲೋ ಭ್ರಮೆ ಎಂದರು. ಆಮೇಲೆ ತಡೆಯಲಾರದೆ ತಾವೂ ಒಂದು ಸುದ್ದಿ ಹೊರಹಾಕಿದರು: ಮಗಳು, ಅಳಿಯ ಊರಿನ ಆ ಕಡೆ ಬೇರೆ ಮನೆ ನೋಡುತ್ತಿದ್ದಾರೆ, ಯಾಕೆ ಎಂದರೆ ಮಗಳು ಬಾಯಿ ಬಿಡುತ್ತಿಲ್ಲ. ಮಾವನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಹೆಸರಿಗೆ ಮಸಿ ಬಳಿದು ಈಗ ಜಾಗ ಖಾಲಿ ಮಾಡುವ ಯೋಚನೆ. ಅವನನ್ನು ಅಂಗಡಿಯಿಂದ ಹೊರಗೆ ಹಾಕಿದರೆ ಒಬ್ಬಳೇ ಮಗಳು ಜೊತೆಗೇ ಹೋಗುತ್ತಾಳೆ; ಇಟ್ಟುಕೊಂಡರೆ ಜೀವಮಾನದ ಹೆಸರು ಮಣ್ಣುಪಾಲು. ಇವೆರಡರ ನಡುವೆ ಮಾವ ಹಲ್ಲು ಕಚ್ಚಿಕೊಂಡು ದಿನ ದೂಡಿದರು.

ಹಲ್ಲಿನ ಡಾಕ್ಟರಮ್ಮ ಬಂದ ದಿನ ಆ ಕಚ್ಚಿದ ಹಲ್ಲು ಬಿಟ್ಟುಹೋಯಿತು. ಎದುರು ಬೀದಿಯಲ್ಲಿ ಅವರ ಕ್ಲಿನಿಕ್ಕು, ದೊಡ್ಡ ದನಿ, ಬಾಯಿ ತೆರೆಸಿ ತೆರೆಸಿ ಯಾರ ಮುಲಾಜೂ ಉಳಿದಿರದ ಹೆಂಗಸು. ಹೊಸದಾಗಿ ಹುಟ್ಟಿದ ಮೊಮ್ಮಗಳ ಫೋಟೋ ತೆಗೆಯಲೆಂದೇ ಮಾವನಿಂದ ಕ್ಯಾಮೆರಾ ಕೊಂಡಿದ್ದರು. ಈಗ ಕ್ಯಾಮೆರಾವನ್ನೂ ಫೋಟೋಗಳ ಕಟ್ಟನ್ನೂ ಮೇಜಿನ ಮೇಲಿಟ್ಟು, ನೋಡಿ ಎಂದರು. ತೊಟ್ಟಿಲಲ್ಲಿ ಅರ್ಧ ಮಗು. ತಾಯಿಯ ಮಡಿಲಲ್ಲಿ ಅರ್ಧ ಮಗು. ಆಕಳಿಸುತ್ತಿರುವ ಅರ್ಧ ಬಾಯಿ, ಉಳಿದದ್ದು ಮಸಿ.

ಮಾವ ಕೈಗವಸು ತೊಟ್ಟು ಕ್ಯಾಮೆರಾ ಬಿಚ್ಚಿದರು. ಅದೇ ಜಿಡ್ಡು, ಅದೇ ಮಿನುಗು. ಅರ್ಧ ಮಗುವಿನ ಫೋಟೋ ಪಕ್ಕದಲ್ಲೇ ಬಿದ್ದಿತ್ತು. ಇಷ್ಟು ದಿನ ನುಂಗಿಕೊಂಡಿದ್ದೆಲ್ಲ ಒಮ್ಮೆಗೇ ಗಂಟಲಿಗೆ ಬಂತು.

"ನೋಡಿ ಡಾಕ್ಟರಮ್ಮ, ಎಣ್ಣೆ ಸುರಿದಿದಾರೆ. ನಾನು ತೊಳೆದು ಕೊಟ್ಟಿದ್ದನ್ನ, ಮಧ್ಯಾಹ್ನ ನಾನು ಮಲಗಿದ ಮೇಲೆ ಕದ್ದು ಬಿಚ್ಚಿ ಸುರೀತಾರೆ. ನನ್ನ ಕಣ್ಣಾರೆ ನೋಡಿದೀನಿ." ಅಷ್ಟು ಹೇಳಿ ಅಳಿಯನ ಕಡೆ ತಿರುಗಿದರು. ಅವನ ಮುಖವನ್ನೇ ನೋಡುತ್ತ "ಥೂ" ಅಂದರು.

ಕ್ಯಾಮೆರಾಗಳಿಗೆ ಅಂದಾಗ ಅದು ಬೀದಿಗೆಲ್ಲ ನಗೆಯ ಮಾತಾಗಿತ್ತು. ಮನುಷ್ಯನ ಮುಖಕ್ಕೆ ಅಂದಾಗ ಅದು ಉಗುಳೇ ಆಯಿತು. ಅಳಿಯ ಕೆನ್ನೆ ಒರೆಸಿಕೊಂಡ. ಅಲ್ಲಿ ಏನೂ ಬಿದ್ದಿರಲಿಲ್ಲ, ಆದರೂ ಒರೆಸಿಕೊಂಡ.

"ಎಣ್ಣೆನಾ ಮಾವ ಅದು?" ಅಂದ ಅಳಿಯ, ತಡವರಿಸುತ್ತ. "ಮೂಸಿ ನೋಡಿ ಹೇಳಿ."

ಮೂಸಿ ನೋಡು ಎಂದು ಥೂ ಮಾವನಿಗೆ ಹೇಳುವುದೇ. ಮಾವ ಕ್ಯಾಮೆರಾ ಎತ್ತಿ, ಕಣ್ಣು ಮುಚ್ಚಿ, ಎಂದಿನ ಗತ್ತಿನಿಂದ ಉಸಿರು ಎಳೆದುಕೊಂಡರು. "ಮಿಷನ್ ಎಣ್ಣೆ," ಅಂದರು. "ಅದೂ ಕಳಪೆ ಮಾಲು."

ಮಾವ ಕಣ್ಣು ಬಿಟ್ಟರೆ ಇಬ್ಬರೂ ತಮ್ಮನ್ನೇ ನೋಡುತ್ತಿದ್ದರು. ಡಾಕ್ಟರಮ್ಮನ ಕೈಯಲ್ಲಿ ಕರ್ಚೀಫು, ಅದು ಮೂಗಿನ ಮೇಲೆ. ಏನೋ ತಪ್ಪಿದೆ ಎಂದು ಮಾವನಿಗೆ ತಿಳಿಯಿತು, ಏನು ಎಂದು ತಿಳಿಯಲಿಲ್ಲ.

"ಅದು ಸೀಮೆಎಣ್ಣೆ ಕಣ್ರೀ," ಅಂದರು ಡಾಕ್ಟರಮ್ಮ. "ಮುಚ್ಚಳ ತೆಗೆದ ಕೂಡಲೇ ಇಡೀ ಅಂಗಡಿಗೆ ಬಡೀತಿದೆ. ನನ್ನ ಬ್ಯಾಗೆಲ್ಲ ಇದೇ ನಾತ. ನಿಮಗೆ ಬರ್ತಿಲ್ವಾ?"

ಅಳಿಯ ಮಾವನನ್ನು ನೋಡುತ್ತಲೇ ಇದ್ದ. ಅವನ ಮುಖದ ಮೇಲಿದ್ದ ಸಿಟ್ಟಿಗೆ ಏನೋ ಆಗುತ್ತಿತ್ತು, ಆದರೆ ಅದು ಇಳಿದುಹೋಗಲಿಲ್ಲ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಒರೆಸಿ ಡಬ್ಬಿಯಲ್ಲಿಟ್ಟ, ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ, ಮೆಟ್ಟಿಲು ಹತ್ತಿ ಮೇಲೆ ಹೋದ. ಅದನ್ನು ಅವನು ಎಂದೂ ಅಂಗಡಿಯಿಂದ ಆಚೆ ಒಯ್ದವನಲ್ಲ.

ಡಾಕ್ಟರಮ್ಮ ಯಾರ ಅಪ್ಪಣೆಗೂ ಕಾಯದೆ ಕಪಾಟಿನಿಂದ ಎರಡೂ ಕಂದು ಬಾಟಲಿ ತೆಗೆದರು. ರೋಗಿಯ ಬಾಯಿ ನೋಡುವ ಹಾಗೆ ಹತ್ತಿರ ಬಂದು, ಒಂದೊಂದಾಗಿ ಮುಚ್ಚಳ ತೆಗೆದು ಮಾವನ ಮೂಗಿಗೆ ಹಿಡಿದು, ಯಾವುದು ಯಾವುದು ಹೇಳಿ ಎಂದರು. ಮಾವ ಎಳೆದುಕೊಂಡರು. ಅದೇ ತಣ್ಣನೆಯ ಗಾಳಿ. ಅವರು ದಿನಾ ಕ್ಯಾಮೆರಾ ತೊಳೆಯುತ್ತಿದ್ದ ಬಾಟಲಿಯನ್ನು ಡಾಕ್ಟರಮ್ಮ ತಾವೂ ಮೂಸಿ, ಮುಖ ಸಿಂಡರಿಸಿ, ಇದೇ ಸೀಮೆಎಣ್ಣೆ ಎಂದು ಮೇಜಿನ ಮೇಲೆ 'ಟಕ್' ಎಂದು ಇಟ್ಟರು. ಯಾವಾಗಿನಿಂದ ಹೀಗೆ ಎಂದು ಕೇಳಿದರು. ಜ್ವರ ಬಂದಾಗಿನಿಂದ ಎಂದು ಮಾವ ಹೇಳಿದರು, ಬಹಳ ಚಿಕ್ಕ ದನಿಯಲ್ಲಿ. ಕೆಲವರಿಗೆ ವಾಪಸ್ ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಮೂಗಿನ ಡಾಕ್ಟರಿಗೆ ತೋರಿಸಿ ಎಂದು ಹೇಳಿ ಅವರು ಅರ್ಧ ಮೊಮ್ಮಗಳನ್ನು ಬ್ಯಾಗಿಗೆ ಹಾಕಿಕೊಂಡು ಹೋದರು. ಕ್ಯಾಮೆರಾ ಅಲ್ಲೇ ಉಳಿಯಿತು.

ಮಾವ ಕೈಗವಸು ಕಳಚಿ, ಬರಿಗೈ ಮೇಲೆ ಆ ಬಾಟಲಿಯಿಂದ ಸ್ವಲ್ಪ ಸುರಿದುಕೊಂಡರು. ಪೆಟ್ರೋಲಾಗಿದ್ದರೆ ಚುರುಕ್ಕೆಂದು ತಣ್ಣಗಾಗಿ ಆರಿಹೋಗಬೇಕಿತ್ತು. ಇದು ಆರಲಿಲ್ಲ. ಬೆರಳ ಸಂದಿಗೆ ಇಳಿದು ಜಿಡ್ಡಾಗಿ ಕೂತಿತು. ಎಲ್ಲರ ಕೊಳೆಗೂ ಅಸಹ್ಯಪಟ್ಟು ತೊಟ್ಟ ರಬ್ಬರು ಇಷ್ಟು ದಿನ ಅವರದೇ ಕೊಳೆಯನ್ನು ಅವರಿಂದಲೇ ಮುಚ್ಚಿಟ್ಟಿತ್ತು. ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದರು. ನಾತ ಹೋಯಿತೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಒಳಗೆ ಹೋಗಿ ಅತ್ತೆಗೆ ಎಲ್ಲ ಹೇಳಿದರು. ಅತ್ತೆ ಮೊದಲು ಕೇಳಿದ್ದು ಬಾಟಲಿಯ ವಿಷಯ. ಕಪಾಟು ಒರೆಸುವಾಗ ಎರಡನ್ನೂ ಕೆಳಗಿಟ್ಟಿದ್ದು ನಿಜ, ಎತ್ತಿಡುವಾಗ ಯಾವುದು ಎಡಕ್ಕೆ ಯಾವುದು ಬಲಕ್ಕೆ ಎಂದು ತಮಗೇನು ಗೊತ್ತು, ಹೆಸರು ಬರೆದಿದ್ದರೆ ತಾನೇ ಎಂದರು. ಆಮೇಲೆ ಅವರಿಗೆ ಇನ್ನೊಂದು ಹೊಳೆಯಿತು.

"ಅಂದ್ರೆ, ನನ್ನ ಅಡುಗೆ ಸರಿಯಾಗೇ ಇತ್ತು," ಅಂದರು. "ಇಷ್ಟು ದಿನ ಸಪ್ಪೆ ಸಪ್ಪೆ ಅಂತ ನನ್ನ ಜೀವ ತಿಂದ್ರಲ್ಲ. ಆ ಮಕ್ಕಳ ಹೊಟ್ಟೆಗೆ ಬೆಂಕಿ ಹಾಕ್ಸಿದ್ರಲ್ಲ. ಹೋಗಿ. ಮೊದಲು ಮೇಲೆ ಹೋಗಿ."

ಮಾವ ಎರಡೂ ಬಾಟಲಿಗಳನ್ನು ಹಿಡಿದು ಮೆಟ್ಟಿಲು ಹತ್ತಿದರು. ಮೇಲಿನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳು ಬಾಯಿ ತೆರೆದು ಕೂತಿದ್ದವು. ಮಗಳು ಪಾತ್ರೆಗಳನ್ನು ಪತ್ರಿಕೆಯಲ್ಲಿ ಸುತ್ತುತ್ತಿದ್ದಳು, ಅಪ್ಪನನ್ನು ಕಂಡು ಇನ್ನೂ ಬಿಗಿಯಾಗಿ ಸುತ್ತಿದಳು. ಅಳಿಯ ಕಿಟಕಿಯ ಹತ್ತಿರ ನಿಂತಿದ್ದ. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ.

"ಅಳಿಯಂದಿರೇ," ಅಂದರು ಮಾವ. ಮದುವೆಯ ದಿನ ಬಿಟ್ಟರೆ ಅವನನ್ನು ಹಾಗೆ ಕರೆದವರೇ ಅಲ್ಲ. "ನನ್ನ ಮೂಗು ಹೋಗಿದೆ. ಜ್ವರದಲ್ಲೇ ಹೋಯ್ತು. ಸೀಮೆಎಣ್ಣೇಲಿ ತೊಳೆದಿದ್ದು ನಾನೇ. ನಿಮಗೆ ನಾತ ಬಂದಿರುತ್ತಲ್ಲ, ಒಂದು ಮಾತು ಹೇಳಬಾರದಿತ್ತಾ?"

ಅಳಿಯ ಎಲ್ಲ ಹೇಳಿದ. ಮೊದಲ ದಿನವೇ ನಾತ ಬಂದಿತ್ತು. ಆದರೆ ಮಾವನ ಮೂಗು ತಪ್ಪುತ್ತದೆ ಎಂದು ಅವನಿಗೆ ಕನಸಿನಲ್ಲೂ ಹೊಳೆಯಲಿಲ್ಲ. ಬೇಕೆಂದೇ ಮಾಡುತ್ತಿದ್ದಾರೆ ಎಂದುಕೊಂಡ. ವಯಸ್ಸಾಯಿತು, ಬೇಸರ ಬಂದಿದೆ, ಮಾರುವ ದಿನ ಓಡಿದರೆ ಸಾಕು ಎಂದು ಇವರೂ ಉಳಿದವರ ಹಾಗೆ ಆಗಿಬಿಟ್ಟರು ಎಂದುಕೊಂಡ. ಎದುರು ನಿಂತು ಹೇಳಲು ಬಾಯಿ ಬರಲಿಲ್ಲ, ಜೊತೆಗೆ ಕೂರಲು ಮನಸ್ಸು ಬರಲಿಲ್ಲ. ಮಾವ ಮಲಗಿದ ಮೇಲೆ ಕೈಗೆ ಸಿಕ್ಕಷ್ಟನ್ನು ಬಿಚ್ಚಿ ತನ್ನ ಪೆಟ್ರೋಲಿನಲ್ಲಿ ಮತ್ತೆ ತೊಳೆಯುತ್ತಿದ್ದ. ಬೆಳಿಗ್ಗೆಯೇ ಮಾರಾಟವಾಗಿ ಹೋದವು ಮಾತ್ರ ತಪ್ಪಿಸಿಕೊಂಡವು, ಡಾಕ್ಟರಮ್ಮನದ್ದು ಅಂಥದ್ದು.

"ನಿಜ ಹೇಳ್ಬೇಕು ಅಂದ್ರೆ ಮಾವ, ನಿಮ್ಮನ್ನ ನೋಡಿದ್ರೆ ಅಸಹ್ಯ ಆಗ್ತಿತ್ತು ನನಗೆ," ಅಂದ. "ಅದಕ್ಕೇ ಬೇರೆ ಮನೆ ನೋಡಿದ್ದು."

ಮಾವ ನಿಂತೇ ಇದ್ದರು. ಇಬ್ಬರು ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತು, ಒಬ್ಬರನ್ನು ಕಂಡು ಒಬ್ಬರು ವಾಕರಿಸುತ್ತ ಇಷ್ಟು ದಿನ ಕೆಲಸ ಮಾಡಿದ್ದರು. ಅವನಾದರೋ ವಾಕರಿಕೆಯನ್ನು ನುಂಗಿಕೊಂಡು ಮಾವ ಕೆಡಿಸಿದ್ದನ್ನು ತೊಳೆದಿದ್ದ. ಮಾವ ನಾಲಿಗೆ ಹರಿಬಿಟ್ಟಿದ್ದರು.

"ಹಾಗಾದ್ರೆ ನೀವೂ ಒಂದ್ಸಲ ಅಂದುಬಿಡಿ," ಅಂದರು. "ನಾನು ಅಂದಿದ್ದನ್ನ. ನನ್ನ ಮುಖ ನೋಡಿ ಅಂದುಬಿಡಿ."

"ನನ್ನ ಬಾಯಲ್ಲಿ ಬರಲ್ಲ ಮಾವ," ಅಂದ ಅಳಿಯ. "ನೀವು ಅಂದಿದ್ದು ವಾಪಸ್ ಹೋಗೋದೂ ಇಲ್ಲ."

ಮಾವ ಬಾಟಲಿಗಳನ್ನು ಅವನ ಮುಂದೆ ನೆಲದ ಮೇಲಿಟ್ಟು ಕೆಳಗಿಳಿದರು. ಹಿಂದಿನಿಂದ ಪತ್ರಿಕೆಯ ಸರಬರ ಸದ್ದು ಕೇಳುತ್ತಲೇ ಇತ್ತು. ಅದು ಸುತ್ತುವ ಸದ್ದೋ ಬಿಚ್ಚುವ ಸದ್ದೋ ಎಂದು ನಿಂತು ಕೇಳುವ ಧೈರ್ಯ ಅವರಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ ಕಪಾಟಿನಲ್ಲಿ ಎರಡು ಬಾಟಲಿ ಇದ್ದವು. ಎರಡಕ್ಕೂ ಚೀಟಿ ಅಂಟಿಸಿತ್ತು, ಅಳಿಯನ ದುಂಡು ಅಕ್ಷರದಲ್ಲಿ. ಅವನು ತನ್ನ ಮೇಜಿನಲ್ಲಿ ಕೂತು ಡಾಕ್ಟರಮ್ಮನ ಕ್ಯಾಮೆರಾ ಬಿಚ್ಚುತ್ತಿದ್ದ. ಕುರ್ಚಿ ಇನ್ನೂ ಗೋಡೆಯ ಕಡೆಗೇ ಇತ್ತು. ಮಾರಿ ಹೋದವನ್ನೆಲ್ಲ ವಾಪಸ್ ಕರೆಸಿ ತೊಳೆದು ಮುಗಿಯುವ ತನಕ ಇರುತ್ತೇವೆ, ಆಮೇಲಿನದು ಆಮೇಲೆ ಎಂದ. ಮಾವ ಹೂಂ ಎಂದರು. ಮೇಲಿನ ಪೆಟ್ಟಿಗೆಗಳ ವಿಷಯ ಕೇಳಲಿಲ್ಲ.

ಹೊಸ ಮಾಲು ಬಂದಿತ್ತು. ಮಾವ ಪತ್ರಿಕೆ ಹರಿದು, ಕವಚದ ಗುಂಡಿ ಬಿಚ್ಚಿ, ಎರಡು ಬೆರಳಲ್ಲಿ ಕ್ಯಾಮೆರಾ ಎತ್ತಿ ಅಭ್ಯಾಸಬಲದಿಂದ ಮೂಗಿನ ಹತ್ತಿರ ತಂದರು. ಬಾಗಿಲಲ್ಲಿ ಶಾಲೆಯ ಮಕ್ಕಳು ಕಾಯುತ್ತಿದ್ದವು. ಮಾವನ ತುಟಿ ಆ ಮಾತಿಗೆ ದುಂಡಗಾಯಿತು, ಮಾತು ಹೊರಡಲಿಲ್ಲ. ಕ್ಯಾಮೆರಾವನ್ನು ಅಳಿಯನ ಬೆನ್ನ ಕಡೆಗೆ ಚಾಚಿ, ಸ್ವಲ್ಪ ನೋಡಿ ಹೇಳ್ತೀರಾ ಎಂದರು.

ಅಳಿಯ ತಿರುಗಿ ಅದನ್ನು ತೆಗೆದುಕೊಂಡು ಮೂಸಿದ. ಅವನ ಮುಖ ಹರಳೆಣ್ಣೆ ಕುಡಿದ ಹಾಗೆ ಕಿವುಚಿತು, ಕಣ್ಣಲ್ಲಿ ನೀರು ಬಂತು. "ಬೂಷ್ಟು," ಅಂದ. "ಸಿಗರೇಟು. ಒಳಗೆ ಏನೋ ಸತ್ತಿದೆ." ಅಷ್ಟೇ ಹೇಳಿ ವಾಪಸ್ ಕೊಟ್ಟ. ಮಕ್ಕಳು ಇನ್ನೂ ಸ್ವಲ್ಪ ಹೊತ್ತು ಕಾದು, ಇವತ್ತು ಏನೂ ಇಲ್ಲ ಎಂದು ಪೆಚ್ಚಾಗಿ ಹೊರಟವು.

ಅಷ್ಟರಲ್ಲಿ ಮಗಳು ಗಂಡನಿಗೆ ಕಾಫಿ ಹಿಡಿದು ಬಂದಳು. ಅಪ್ಪನಿಗೆ ತಂದಿರಲಿಲ್ಲ. ಮೇಜಿನ ಹತ್ತಿರ ಬಂದವಳು ಅಪ್ಪನ ಕೈಯಲ್ಲಿದ್ದ ಕ್ಯಾಮೆರಾದ ನಾತ ಬಡಿದು ತಟ್ಟನೆ ನಿಂತು, ಮುಖ ತಿರುಗಿಸಿ, ಬೀದಿಯ ಆ ತುದಿಗೂ ಕೇಳುವ ಹಾಗೆ "ಥೂ" ಅಂದಳು. ಅಪ್ಪನದೇ ದನಿ, ಅದೇ ಎಳೆತ. ಹೊರಗೆ ಹೊರಟಿದ್ದ ಮಕ್ಕಳು ಓಡಿ ಬಂದು ಇಣುಕಿದವು. ಅಳಿಯ ನಗು ತಡೆಯಲು ಕಾಫಿ ಲೋಟದೊಳಗೆ ಮುಖ ಹುದುಗಿಸಿದ.

ಮಾವ ನಗಲಿಲ್ಲ. ಕ್ಯಾಮೆರಾವನ್ನು ಇನ್ನೊಮ್ಮೆ ಮೂಗಿಗೆ ಒತ್ತಿ ಹಿಡಿದು, ಎದೆ ತುಂಬ ಉಸಿರು ಎಳೆದುಕೊಂಡು, ಮಗಳ ಮುಖವನ್ನೇ ನೋಡಿದರು.

"ಹೇಗಿದೆ ಮಗಳೇ ನಾತ?" ಅಂದರು. "ಬಿಡಿಸಿ ಹೇಳು. ಇನ್ನೊಂದ್ಸಲ ಹೇಳು."